ಊದಿ ಆರಿಸಿದ ಸೂಪು

ವೃದ್ಧಾಶ್ರಮದ ಆಯಾಳ ಮೈ ಕೆಂಡದಂತೆ ಸುಡುತ್ತಿತ್ತು. ಮೇಲ್ವಿಚಾರಕಿಗೋ, ಜ್ವರವೆಂದರೆ ಬರೀ ನೆಪ.

"ನೀನು ಬರ್ದಿದ್ರೆ ಕಿಟಕಿ ಪಕ್ಕದ ಅಜ್ಜಿಗೆ ತಿನ್ನಿಸೋರು ಯಾರು? ಬೇರೆಯವ್ರು ಕೊಟ್ರೆ ಬಾಯೇ ಬಿಡಲ್ಲ. ಮಾಸ್ಕ್ ಹಾಕ್ಕೊಂಡು ಬಾ," ಎಂದು ಫೋನಿನಲ್ಲೇ ಹರಿಹಾಯ್ದಳು.

ಆಯಾ ಹಾಕಿಕೊಂಡೇ ಹೋದಳು. ನೆಲ ಒರೆಸುವಾಗಲೂ ತೆಗೆಯಲಿಲ್ಲ. ಅಜ್ಜಿಗೆ ಸೂಪು ಕುಡಿಸಿ ಬಟ್ಟಲು ತೊಳೆಯುವಾಗ ನೋಡಿಕೊಂಡರೆ, ಮಾಸ್ಕ್ ಗದ್ದದ ಕೆಳಗಿತ್ತು. ಹಾಳು ಅಭ್ಯಾಸ! ಪ್ರತಿ ಚಮಚವನ್ನೂ ಊದಿ ಆರಿಸಿಯೇ ಕೊಟ್ಟಿದ್ದಳು.

ಆಯಾ ಚೇತರಿಸಿಕೊಂಡಳು, ಅಜ್ಜಿ ಜ್ವರದಿಂದ ಮಲಗಿದಳು. ಅಜ್ಜಿಯ ಮಗಳು ಓಡಿಬಂದು ಆಯಾಳ ಕೈ ಹಿಡಿದುಕೊಂಡಳು. "ಹುಷಾರಿಲ್ದಿದ್ರೂ ಅಮ್ಮನಿಗೋಸ್ಕರ ಬಂದ್ರಂತೆ. ನಿಮ್ಮ ಋಣ ಹೇಗೆ ತೀರಿಸ್ಲಿ, ಅಕ್ಕಾ?"

ಆಯಾ ಕೈ ಬಿಡಿಸಿಕೊಂಡು ಸೂಪಿನ ಬಟ್ಟಲು ಎತ್ತಿಕೊಂಡಳು. ಬಟ್ಟಲಿನಿಂದ ಹಬೆ ಏಳುತ್ತಿತ್ತು. ತುಟಿ ಬಿಗಿದುಕೊಂಡಿದ್ದ ಅಜ್ಜಿ, ಅವಳು ಊದಲೆಂದು ಕಾಯುತ್ತಿದ್ದಳು.