ಬಕೆಟ್ ಮತ್ತು ಪ್ರಾರ್ಥನೆ

ನನ್ನ ಗಂಡ ಹಾಸಿಗೆ ಹಿಡಿದಿದ್ದಾಗ, ಆರಾಧನೆ ಮುಗಿಸಿ ಹೊರಟಿದ್ದ ನನ್ನನ್ನು ಪಾಸ್ಟರ್ ತಡೆದು, "ಅಮ್ಮಾ, ನಮ್ಮ ಸಭೆಯ ದರ್ಜಿಯಮ್ಮ ಎದ್ದೇಳಲಾಗದವರ ತಲೆ ತೊಳೆದು ಕೊಡ್ತಾರೆ, ಕಳಿಸ್ಲಾ?" ಎಂದರು. ಅವಳ ವಿಷಯ ನಾನು ಮೊದಲು ಕೇಳಿದ್ದು ಅಂದು.

ಅವಳು ಬಂದು ಇವರ ತಲೆಯ ಕೆಳಗೆ ರಬ್ಬರ್ ಹಾಳೆ ಹಾಸಿ, ಅದರ ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟು, ದಿಂಬು ಒದ್ದೆಯಾಗದಂತೆ ತೊಳೆದಳು. "ಏನ್ ಭಾವ, ಮದುಮಗನ ಕಳೆ ಬಂತಲ್ಲ!" ಎಂದಾಗ ಇವರು ನಕ್ಕುಬಿಟ್ಟರು.

ಇವರು ತೀರಿಹೋದ ಎಷ್ಟೋ ವರ್ಷಗಳ ಮೇಲೆ ಅವಳೂ ಹಾಸಿಗೆ ಹಿಡಿದಳು. ನಾನು ದಿನಾ ಅವಳ ಮನೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಸಭೆಯ ಭೇಟಿ ತಂಡದವರು ವಾರವಾರವೂ ಬಂದು ಹಾಡಿದರು, ಕಣ್ಣು ಮುಚ್ಚಿ ಉದ್ದುದ್ದ ಪ್ರಾರ್ಥಿಸಿದರು, ಚಹಾ ಕುಡಿದು ಲೋಟ ಅಲ್ಲೇ ಬಿಟ್ಟು ಹೋದರು. ಅವಳ ಕೂದಲು ಜಡೆಗಟ್ಟಿತ್ತು. ವಯಸ್ಸಾದ ನನ್ನ ಕೈಗೋ ತುಂಬಿದ ಚೊಂಬು ಎತ್ತುವ ಶಕ್ತಿಯಿರಲಿಲ್ಲ. ಯಾರಾದರೂ ಇವಳ ತಲೆ ತೊಳೆಯಿರಿ ಎಂದು ನಾನು ಕೇಳಿದರೆ ತಂಡದ ಮುಖ್ಯಸ್ಥೆ, "ನಮ್ದು ಪ್ರಾರ್ಥನೆ ಸೇವೆ ಅಲ್ವಾ ಅಜ್ಜಿ, ಅದಕ್ಕೆಲ್ಲ ನರ್ಸ್ ಇಟ್ಕೊಳ್ಳಿ" ಎಂದಳು.

ಅವರು ಹೋದ ಮೇಲೆ ದರ್ಜಿಯಮ್ಮ ನನ್ನ ಸೆರಗು ಎಳೆದಳು. ಅವಳು ನನ್ನಲ್ಲಿ ಕೇಳಿಕೊಂಡ ಕೊನೆಯ ಮಾತು ಇದೇ:

"ಅಕ್ಕಾ, ಮುಂದಿನ ವಾರ ಅವರು ಕಣ್ಣು ಮುಚ್ಚಿದ ತಕ್ಷಣ ಖಾಲಿ ಬಕೆಟ್ ತಂದು ನಡುವೆ ಇಡಿ. ಆಮೆನ್ ಅಂತ ಕಣ್ಣು ಬಿಟ್ಟಾಗ ಒಬ್ಬರಿಗಾದ್ರೂ ನಾಚಿಕೆ ಆಗ್ಲಿ."