ಒಂದು ಗೇಣು ಕಡಿಮೆಯಾದ ಕಡಲು

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೂ ನನ್ನ ಗಂಡ ಶಂಕರನೂ ಸಾಂಟಾ ಕ್ಲಾರಾದಿಂದ ಹೊರಟೆವು. ಕಾರಿನ ಹಿಂದಿನ ಸೀಟಿನಲ್ಲಿ ಬೆಡ್‌ಶೀಟು ಸುತ್ತಿದ ಕಡಲಿನ ಚಿತ್ರವಿತ್ತು. ಒಂಬತ್ತು ವರ್ಷದ ಹಿಂದೆ ಕಡಲತೀರದ ಹಾಫ್ ಮೂನ್ ಬೇ ಊರಿನ ಬೀದಿ ಪ್ರದರ್ಶನದಲ್ಲಿ, ಬರೆದವರ ಕೈಯಿಂದಲೇ ಕೊಂಡದ್ದು. ಅವರ ಹೆಸರು ಎನ್ನಿಯೋ, ಇಟಲಿಯವರು. ಈಗ ಎಂಬತ್ತಮೂರು ವಯಸ್ಸು. ಕೈ ನಡುಗುವುದರಿಂದ ಕುಂಚ ಕೆಳಗಿಟ್ಟಿದ್ದಾರೆ. ಊರಿನವರು ಅವರದೊಂದು ಪ್ರದರ್ಶನ ಏರ್ಪಡಿಸಿದ್ದಾರೆ, ಹತ್ತು ದಿನದ ಮಟ್ಟಿಗೆ ಚಿತ್ರ ಕೊಡುತ್ತೀರಾ ಎಂದು ಅವರೇ ಫೋನು ಮಾಡಿ ಕೇಳಿದ್ದರು. ಧಾರಾಳವಾಗಿ ಎಂದೆ. ಫೋನಿಟ್ಟ ಮೇಲೆ ಗೋಡೆಯ ಮೇಲಿನ ಚಿತ್ರದ ಕೆಳ ಅಂಚನ್ನು ನೋಡಿದೆ.

ಆ ಚಿತ್ರ ನಮ್ಮ ಸೋಫಾದ ಮೇಲಿನ ಗೋಡೆಗೆ ಎತ್ತರದಲ್ಲಿ ಒಂದು ಗೇಣು ಹೆಚ್ಚಾಗಿತ್ತು. ಚಿತ್ರದ ಕೆಳಗಡೆ ಏನೂ ಇಲ್ಲವಲ್ಲ ಎಂದುಕೊಂಡು, ಚೌಕಟ್ಟಿನಿಂದ ಬಿಚ್ಚಿ ನಾನು ಕತ್ತರಿಸಿದ್ದೆ. ಶಂಕರ ಕ್ಯಾನ್ವಾಸನ್ನು ಬಿಗಿಯಾಗಿ ಹಿಡಿದಿದ್ದ. ಎನ್ನಿಯೋ ಅವರ ಸಹಿಯೂ ಆ ತುಂಡಿನ ಜೊತೆಗೇ ಕಸಕ್ಕೆ ಹೋಯಿತು.

೨೮೦ರ ಫ್ರೀವೇಯಲ್ಲಿ ಬಿಸಿಲಿತ್ತು. ೯೨ನೇ ರಸ್ತೆಗೆ ತಿರುಗಿ ಕೆರೆ ದಾಟುತ್ತಿದ್ದಂತೆ ಮಂಜು ಮುತ್ತಿತು. ಗುಡ್ಡ ಇಳಿದರೆ ಎರಡೂ ಕಡೆ ಕುಂಬಳಕಾಯಿಯ ತೋಟಗಳು, ಹಬ್ಬಕ್ಕೆ ಕಾಯಿ ಆರಿಸಲು ಮಕ್ಕಳನ್ನು ಕರೆತಂದವರ ಕಾರುಗಳು. ಮೂರು ಮೈಲಿಗೆ ನಲವತ್ತು ನಿಮಿಷ ಹಿಡಿಯಿತು. ಏನು ಹೇಳುವುದೆಂದು ನಾನು ಎರಡು ಸಲ ಕೇಳಿದೆ. ಶಂಕರ ಹುಬ್ಬಳ್ಳಿಯವನು. ಅವರಿಗೆ ವಯಸ್ಸಾಗೇದ, ಗೊತ್ತಾಗಂಗಿಲ್ಲ ತಗೋ ಎಂದ. ಹಾಫ್ ಮೂನ್ ಬೇಯಿಂದ ಉತ್ತರಕ್ಕೆ ಏಳು ಮೈಲಿ ಹೋದರೆ ಮಾಸ್ ಬೀಚ್. ಅಲ್ಲಿ ಕಡಲಂಚಿನ ಪುಟ್ಟ ಮರದ ಮನೆಯೇ ಅವರದು.

ಚಿತ್ರವನ್ನು ಅವರೇ ಬಿಚ್ಚಿದರು. ಚೌಕಟ್ಟು ತಿರುಗಿಸಿ ಹಿಂಬದಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಫ್ರೇಮಿನ ಅಂಗಡಿಯವರು ನಮ್ಮನ್ನು ಕೇಳದೆ ಕತ್ತರಿಸಿಬಿಟ್ಟರು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಶಂಕರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜಗಳ ಮಾಡಿದ್ವಿ, ಆ ಅಂಗಡಿ ಈಗ ಮುಚ್ಚಿಹೋಗಿದೆ ಎಂದ. ಪಾಪ, ನಿಮಗೆಷ್ಟು ಬೇಜಾರಾಗಿರಬೇಕು ಎಂದರು ಎನ್ನಿಯೋ. ಆಮೇಲೆ ಊಟಕ್ಕೆ ಏಳಿಸಿದರು.

ನಾವು ಮೀನು ತಿನ್ನುವುದಿಲ್ಲವೆಂದು ಫೋನಿನಲ್ಲಿ ಊಟಕ್ಕೆ ಕರೆದಾಗಲೇ ಕೇಳಿ ತಿಳಿದಿದ್ದರು. ಹುರುಳಿಕಾಯಿ, ಆಲೂಗಡ್ಡೆಯ ಸೂಪು, ಅದರ ಮೇಲೆ ಕಾಮಕಸ್ತೂರಿಯ ಹಸಿರು ಚಟ್ನಿ. ಬಡಿಸುವಾಗ ಸೌಟು ನಡುಗಿ ಮೇಜಿನ ಮೇಲೆ ಚೆಲ್ಲಿತು. ಉಣ್ಣುತ್ತಾ ತಮ್ಮ ಕಥೆ ಹೇಳಿದರು. ಹುಟ್ಟಿದ್ದು ಜಿನೋವಾ ಹತ್ತಿರದ ಸಣ್ಣ ಬಂದರಿನಲ್ಲಿ. ಹದಿನಾಲ್ಕಕ್ಕೇ ಹಡಗುಗಳ ಮೈಗೆ ಬಣ್ಣ ಬಳಿಯುವ ಕೆಲಸಕ್ಕೆ ಸೇರಿದರಂತೆ. ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಮೇಲೂ ಅದೇ ಕೆಲಸ, ಮೂವತ್ತು ವರ್ಷ. ಭಾನುವಾರ ಮಾತ್ರ ಕಡಲು ಬರೆಯುತ್ತಿದ್ದರು. ಯಾರ ಬಳಿಯೂ ಕಲಿತವರಲ್ಲ. ವಾರವೆಲ್ಲ ಕಬ್ಬಿಣಕ್ಕೆ ಒಂದೇ ಬಣ್ಣ ಬಳಿದ ಕಣ್ಣು ಭಾನುವಾರ ನೀರಿಗಾಗಿ ಹಸಿದಿರುತ್ತಿತ್ತು ಎಂದರು. ಸೂಪು ರುಚಿಯಾಗಿತ್ತು, ನಾನು ಅರ್ಧ ಬಟ್ಟಲು ಹಾಗೇ ಬಿಟ್ಟೆ.

ಊಟವಾದ ಮೇಲೆ, ಆ ಚಿತ್ರ ಬರೆದ ಜಾಗ ತೋರಿಸುತ್ತೇನೆಂದು ದಿಬ್ಬದ ಅಂಚಿಗೆ ಕರೆದೊಯ್ದರು. ಕೆಳಗೆ ಇಳಿತದ ನೀರು, ಬಂಡೆಗಳು ಬರಿಮೈಯಾಗಿದ್ದವು. ಅಂಗಡಿಯವರಿಂದ ಹೀಗಾಯಿತೆಂದು ಚಿತ್ರದ ಪಕ್ಕ ಒಂದು ಚೀಟಿ ಅಂಟಿಸಲೇ ಎಂದು ಕೇಳಿದರು. ಇನ್ನು ತಡೆಯಲಾಗಲಿಲ್ಲ.

“ಅಂಗಡಿಯವರಲ್ಲ. ನಾನೇ ಕತ್ತರಿಸಿದ್ದು” ಎಂದೆ.

“ಗೊತ್ತು. ಅಂಗಡಿಯವರು ಬ್ಲೇಡಿನಲ್ಲಿ ಕುಯ್ಯುತ್ತಾರೆ. ಇದು ಕತ್ತರಿ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಊಟಕ್ಕೆ ಬಂದವರು” ಎಂದರು.

ಶಂಕರ ಮುಖ ತಿರುಗಿಸಿಕೊಂಡ. ಮೈಮೇಲಿನ ಸ್ವೆಟರು ಕೂಡ ನನಗೆ ಭಾರವೆನಿಸಿತು. ಚಿತ್ರವನ್ನು ಇನ್ನು ಪ್ರದರ್ಶನದಲ್ಲಿ ಇಡುವುದಿಲ್ಲವೇನೋ ಎಂದೆ. ಇಡುತ್ತೇನೆ, ಉಳಿದದ್ದು ನನ್ನದೇ ಅಲ್ಲವೆ ಎಂದರು. ಆಮೇಲೆ ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು:

“ಆ ಕೆಳಗಿನ ಭಾಗದಲ್ಲಿ ಏನಿತ್ತು? ಇದೇ ಜಾಗವನ್ನು ನೂರಾರು ಸಲ ಬರೆದಿದ್ದೇನೆ, ನನಗೆ ನೆನಪಿಲ್ಲ. ಕತ್ತರಿಸುವಾಗ ನೀವು ನೋಡಿರುತ್ತೀರಲ್ಲ.”

ನೆನಪಿಸಿಕೊಳ್ಳಲು ನೋಡಿದೆ. ಶಂಕರನ ಮುಖ ನೋಡಿದೆ, ಅವನು ಗೊತ್ತಿಲ್ಲವೆಂದು ತಲೆಯಾಡಿಸಿದ.

“ಬಂಡೆಗಳಿದ್ದವು. ಕಪ್ಪು ಬಂಡೆ” ಎಂದೆ.

“ನಾನು ಯಾವತ್ತೂ ಕಪ್ಪು ಬಣ್ಣ ಕೊಂಡವನಲ್ಲ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೆರಳಿನಿಂದ ಕೆಳಗೆ ತೋರಿಸಿದರು. ನೇರಳೆ, ಪಾಚಿಯ ಹಸಿರು, ತುಕ್ಕಿನ ಕೆಂಪು, ನೀರು ಜಾರಿದಲ್ಲಿ ಹಾಲಿನಂಥ ನೀಲಿ. ಎಷ್ಟು ಹುಡುಕಿದರೂ ಆ ಬಂಡೆಗಳಲ್ಲಿ ಕಪ್ಪು ಕಾಣಲಿಲ್ಲ.

ಮೂರು ಗಂಟೆಗೆ ಹೊರಟೆವು. ಕಾರು ರಸ್ತೆಗೆ ತಿರುಗುವಾಗ ಹಿಂದಕ್ಕೆ ನೋಡಿದೆ. ಎನ್ನಿಯೋ ದಿಬ್ಬದ ಅಂಚಿನಲ್ಲೇ ಇದ್ದರು, ನಮ್ಮ ಕಡೆ ನೋಡುತ್ತಿರಲಿಲ್ಲ. ನೀರು ಏರಿ ಬಂಡೆಗಳನ್ನು ಮುಚ್ಚುತ್ತಿತ್ತು, ಅದನ್ನೇ ನೋಡುತ್ತಾ ನಿಂತಿದ್ದರು.