ಉಪ್ಪಿನಕಾಯಿ ಜಾಡಿಗೆ ಕಟ್ಟಿದ ಸಮನ್ಸು

ಗುಬ್ಬಿಯ ಕೋರ್ಟಿನ ಎದುರು ಹುಣಸೆಮರದ ಕೆಳಗೆ ಭದ್ರಮ್ಮ ಮೊಸರನ್ನ, ಮಜ್ಜಿಗೆ ಮಾರುತ್ತಿದ್ದಳು. ಓದಿದ್ದು ನನ್ನ ಹಾಗೇ ಎರಡನೇ ಕ್ಲಾಸು. ಆದರೆ ಇಪ್ಪತ್ತು ವರ್ಷ ಕಕ್ಷಿದಾರರ ಗೋಳು ಕೇಳಿ ಕೇಳಿ ಕಾನೂನು ಅವಳ ಬಾಯಲ್ಲಿ ಪಳಗಿತ್ತು. ಸಿ.ಎಸ್. ಪುರದ ಕಡೆಯ ರೈತನೊಬ್ಬ, “ತಡೆಯಾಜ್ಞೆ ಸಿಕ್ತು ಅಂದ್ರು ವಕೀಲ್ರು. ಗೆದ್ದಂಗಾ ಅಕ್ಕ?” ಅಂದರೆ, “ಗೆಲ್ಲೋದೆಲ್ಲಿ ಬಂತು? ಹಾಲು ಉಕ್ತೈತೆ ಅಂತ ಒಲೆಯಿಂದ ಇಳಿಸವ್ರೆ. ಹಾಲು ಯಾರ್ದು ಅಂತ ಇನ್ನೂ ಹೇಳಿಲ್ಲ” ಅನ್ನುವಳು.

ನನಗೂ ಅವಳೇ ಪಾಠ ಹೇಳಬೇಕಾಯಿತು. ಎಪ್ಪತ್ತೆಂಟನೇ ಇಸವಿಯಲ್ಲಿ ಯಜಮಾನರು ತೀರಿಕೊಂಡರು. ಮರುವರ್ಷವೇ ಮೈದುನ ಕದರಯ್ಯ, ಹಿತ್ತಲ ಬಾವಿ ತನ್ನೊಬ್ಬನದೇ ಎಂದು ದಾವಾ ಹಾಕಿದ. ಆ ಬಾವಿ ಹೋದರೆ ನಾನೂ ನನ್ನ ಎಮ್ಮೆಯೂ ಊರು ಬಿಡಬೇಕಿತ್ತು. “ಸಮನ್ಸು ಈಸ್ಕೋಬ್ಯಾಡ. ಈಸ್ಕೊಂಡ್ರೇನೇ ಕೇಸು ಅಂಟ್ಕೊಳ್ಳೋದು” ಎಂದರು ನೆರೆಯವರು.

ಅಮೀನ ಮಹಾಲಿಂಗಯ್ಯ ಕೋರ್ಟಿನ ಕಾಗದ ತಂದಾಗೆಲ್ಲ ನಾನು ಮುಂಬಾಗಿಲಿಗೆ ಬೀಗ ಜಡಿದು, ಹಿತ್ತಲಿಂದ ಒಳಹೊಕ್ಕು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಮೂರನೇ ಸಲ ಸೀನು ಬಂದುಬಿಟ್ಟಿತು.

“ಬೀಗಕ್ಕೆ ನೆಗಡಿ ಆಗೈತಲ್ಲಮ್ಮೋ!” ಎಂದು ಹೊರಗಿಂದಲೇ ನಕ್ಕು, ಕಾಗದವನ್ನು ಬಾಗಿಲಿಗೆ ಅಂಟಿಸಿ ಹೋದ. ನಾನು ನೀರು ಚಿಮುಕಿಸಿ ಬಿಡಿಸಿದೆ. ಗಟ್ಟಿ ಕಾಗದ, ದಂಡವಾಗಬಾರದೆಂದು ಒಣಗಿಸಿ ಜಾಡಿಯ ಬಾಯಿಗೆ ಕಟ್ಟಿದೆ. ಕೇಸು ತೊಲಗಿತು ಅಂದುಕೊಂಡೆ.

ಭದ್ರಮ್ಮನ ಅಂಗಡಿಗೆ ನಿಂಬೆ ಉಪ್ಪಿನಕಾಯಿ ಹಾಕಿಕೊಡುತ್ತಿದ್ದವಳು ನಾನೇ. ತಿಂಗಳಾದ ಮೇಲೆ ಆ ಜಾಡಿಯನ್ನು ಅವಳ ಮುಂದೆ ಇಳಿಸಿದೆ. ಕಾಗದದ ಮೇಲಿನ ಮೊಹರು ನೋಡಿ ಅವಳು ಎದೆ ಬಡಿದುಕೊಂಡಳು.

“ಲೇ ರಂಗಲಕ್ಷ್ಮಮ್ಮ, ಕೋರ್ಟನ್ನೇ ಉಪ್ಪಿನಕಾಯಿ ಹಾಕಿದ್ದೀಯಲ್ಲೇ!”

“ಕಿತ್ತಾಕಿದ್ನಲ್ಲಕ್ಕ, ಇನ್ನೇನು?”

“ಲಗ್ನಪತ್ರಿಕೆ ಹರಿದಾಕಿದ್ರೆ ಮದುವೆ ನಿಂತೋಯ್ತದಾ? ನೀನು ಹೋಗ್ದಿದ್ರೆ ಕದರಯ್ಯ ಒಬ್ಬನೇ ಪಂಕ್ತೀಲಿ ಕೂತು ನಿನ್ನೆಲೆ ಹೋಳಿಗೇನೂ ತಿಂತಾನೆ. ಏಕಪಕ್ಷೀಯ ಅಂದ್ರೆ ಅದೇ ಕಣೇ.”

ಅಲ್ಲೇ ಮಜ್ಜಿಗೆ ಕುಡಿಯುತ್ತಿದ್ದ ವಕೀಲರೊಬ್ಬರಿಗೆ ಕಾಗದ ತೋರಿಸಿದಳು. ಅವರು ಒಳಗೆ ಹೋಗಿ ಬೋರ್ಡು ನೋಡಿ ಓಡಿಬಂದರು. “ಇವತ್ತೇ ಕದರಯ್ಯನ ಸಾಕ್ಷಿ. ತೀರ್ಪಾಗಿಲ್ಲ, ಬೇಗ ಬನ್ನಿ.”

ವಕಾಲತ್ತಿಗೆ ಸೈನು ಹಾಕಿ ಅಂದಾಗ, ಇದ್ಯಾಕೆ ಅಂತ ಕೇಳಿದೆ. “ಹಾಕು. ನಿನ್ನ ಬಾಯಿ ಅವರಿಗೆ ಬಾಡಿಗೆಗೆ ಕೊಟ್ಟಂಗೆ ಅಷ್ಟೇ. ಒಳಗೆ ನೀನು ತುಟಿ ಬಿಚ್ಬ್ಯಾಡ” ಎಂದಳು ಭದ್ರಮ್ಮ.

ಕಟಕಟೆಯಲ್ಲಿ ಕದರಯ್ಯ, “ಅತ್ತಿಗೆ ತೌರು ಸೇರವ್ರೆ ಸ್ವಾಮಿ, ಬಾವಿ ಅವರಿಗೆ ಬೇಕಿಲ್ಲ” ಎನ್ನುತ್ತಿದ್ದ.

“ಇಲ್ಲೇ ಇದೀನಿ ಕಣೋ!” ಎಂದುಬಿಟ್ಟೆ. ಬಾಡಿಗೆ ಕೊಟ್ಟ ಬಾಯಿ ನಿಲ್ಲಲಿಲ್ಲ.

ಮುನ್ಸೀಫರು ಎಣ್ಣೆ ಕುಡಿದ ಸಮನ್ಸನ್ನು ಬೆರಳ ತುದಿಯಲ್ಲಿ ಹಿಡಿದು, ಇಷ್ಟು ದಿನ ಯಾಕೆ ಬರಲಿಲ್ಲ ಎಂದರು. ಇದ್ದದ್ದು ಇದ್ದಹಾಗೆ ಹೇಳಿದೆ, ಸೀನಿದ್ದನ್ನೂ ಬಿಡದೆ. ಅವರು ನಕ್ಕರೋ ಕೆಮ್ಮಿದರೋ ತಿಳಿಯದು, ನನ್ನ ಮಾತನ್ನೂ ಕೇಳಬೇಕೆಂದು ಬರೆಸಿದರು.

ಆಮೇಲೆ ಆರು ವಾಯಿದೆ. ಏಳನೆಯದಕ್ಕೆ ಕದರಯ್ಯನೇ ಭದ್ರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ: “ರಾಜಿ ಅಂದ್ರೆ ಸೋತಂಗಾ ಅಕ್ಕ?”

“ಒಂದು ಬಾವಿಗೆ ಎರಡು ರಾಟೆ ಕಣಪ್ಪ. ಸವೆಯೋದೇನಿದ್ರೂ ಹಗ್ಗ.”

ಹಾಗೇ ಬರೆದು ಇಬ್ಬರೂ ಸೈನು ಹಾಕಿದೆವು. ಬಾವಿಗೆ ಈಗಲೂ ಎರಡು ರಾಟೆ. ಅವನದು ಬೆಳಗಾದರೆ ಕಿರ್ರೋ ಅನ್ನುತ್ತದೆ. ಎಣ್ಣೆ ನನ್ನ ಹತ್ತಿರವಿದೆ. ಆದರೆ ಅದನ್ನು ಕೊಡಬೇಕೆಂದು ರಾಜಿಪತ್ರದಲ್ಲಿ ಎಲ್ಲೂ ಬರೆದಿಲ್ಲ.